ಬಾಡಿಗೆ ಮನೆಯ ಡೆಪಾಸಿಟ್ ಜಗಳ: ಕರಾರಿನ ದಿನದಿಂದ ಕೋರ್ಟ್ ಆದೇಶದವರೆಗೆ

ಮನೆ ಖಾಲಿ ಮಾಡಿದ ಮೇಲೆ ಬಹಳ ಜನ ಡೆಪಾಸಿಟ್ಟನ್ನು ಸಾಲ ಕೇಳುವವರ ಹಾಗೆ ಕೇಳುತ್ತಾರೆ. "ಸ್ವಲ್ಪ ನೋಡಿ ಸಾರ್, ಆದಷ್ಟು ಕೊಡಿ" ಅಂತ. ನಿಜ ಅಂದರೆ ಅದು ಬಾಡಿಗೆದಾರರದೇ ಹಣ. ಮಾಲೀಕರ ಕೈಯಲ್ಲಿ ಅದು ಭದ್ರತೆಗೆ ಅಂತ ಇರುತ್ತದೆ, ಅಷ್ಟೆ. ಅದರಲ್ಲಿ ಏನಾದರೂ ಮುರಿದುಕೊಳ್ಳಬೇಕಾದರೆ ಕಾರಣ ಹೇಳಬೇಕಾದವರು ಮಾಲೀಕರು. ಲೆಕ್ಕ ಮತ್ತು ಪುರಾವೆ ತೋರಿಸಬೇಕಾದವರೂ ಅವರೇ.

ಆದರೆ ಅವರು ಪುರಾವೆ ತಂದರೆ ಎದುರಿಗೆ ಇಡಲು ನಿಮ್ಮ ಹತ್ತಿರವೂ ಏನಾದರೂ ಇರಬೇಕಲ್ವಾ? ಜಗಳ ಶುರುವಾದ ಮೇಲೆ ಹಳೆಯ ಗೋಡೆಯ ಫೋಟೋ ತೆಗೆಯಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಅರ್ಧದಷ್ಟು ಮಾತು ಜಗಳಕ್ಕೆ ಮೊದಲೇ ಮಾಡಬೇಕಾದ ಕೆಲಸದ ಬಗ್ಗೆ ಇದೆ.

ಹಂತ 1: ನೀವಿರುವ ಕಡೆ ಕಾನೂನು ಏನು ಹೇಳುತ್ತದೆ?

ಬಾಡಿಗೆ ಕಾನೂನು ದೇಶಕ್ಕೊಂದು, ಎಷ್ಟೋ ಕಡೆ ರಾಜ್ಯಕ್ಕೊಂದು. ಪೂರ್ತಿ ಕಾಯ್ದೆ ಓದಬೇಕಾಗಿಲ್ಲ. ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಿಕೊಂಡರೆ ಸಾಕು. ಡೆಪಾಸಿಟ್ ಎಷ್ಟರವರೆಗೆ ಕೇಳಬಹುದು? ಆ ಹಣ ಎಲ್ಲಿ ಇರಬೇಕು? ಮನೆ ಬಿಟ್ಟ ಮೇಲೆ ಎಷ್ಟು ದಿನದಲ್ಲಿ ವಾಪಸ್ ಬರಬೇಕು? ಬರದಿದ್ದರೆ ಮಾಲೀಕರಿಗೆ ಏನು ದಂಡ?

ಉತ್ತರಗಳು ಎಷ್ಟು ಬೇರೆ ಬೇರೆ ನೋಡಿ. ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ. ಪಡೆದ ಹಣವನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ನೋಂದಾಯಿಸಬೇಕು. ಡೆಪಾಸಿಟ್ಟನ್ನು ಹೀಗೆ ಯೋಜನೆಯಲ್ಲಿ ಇಡಬೇಕು ಅನ್ನುವ ನಿಯಮ 2007ರ ಏಪ್ರಿಲ್‌ನಿಂದ ಇದೆ. ತಪ್ಪಿದರೆ ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ಹಣವನ್ನು ಬಾಡಿಗೆದಾರರಿಗೆ ಕೊಡುವಂತೆ ಕೋರ್ಟ್ ಆದೇಶ ಮಾಡುತ್ತದೆ. ಜರ್ಮನಿಯಲ್ಲಿ ಮಿತಿ ಮೂರು ತಿಂಗಳ ಮೂಲ ಬಾಡಿಗೆ, ಅಂದರೆ ನೀರು, ಹೀಟಿಂಗ್‌ನಂಥ ಖರ್ಚು ಬಿಟ್ಟು. ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕಿದೆ. ಮಾಲೀಕರು ಅದನ್ನು ತಮ್ಮ ಹಣದ ಜೊತೆ ಬೆರೆಸುವಂತಿಲ್ಲ, ಬಡ್ಡಿಯೂ ಬಾಡಿಗೆದಾರರಿಗೇ ಸೇರುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಮಿತಿ ನಾಲ್ಕು ವಾರದ ಬಾಡಿಗೆ, ಹಣ ಸರ್ಕಾರದ ಹತ್ತಿರ ಇರುತ್ತದೆ. ಕೆನಡಾದ ಒಂಟಾರಿಯೋದಲ್ಲಂತೂ ಹಾನಿಯ ಹೆಸರಲ್ಲಿ ಡೆಪಾಸಿಟ್ ಕೇಳುವುದೇ ತಪ್ಪು.

ಅಮೆರಿಕದಲ್ಲಿ ಗಡುವು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನ್ಯೂಯಾರ್ಕ್‌ನಲ್ಲಿ 14 ದಿನ, ಕ್ಯಾಲಿಫೋರ್ನಿಯಾದಲ್ಲಿ 21, ಟೆಕ್ಸಸ್‌ನಲ್ಲಿ 30. ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರು ದುರುದ್ದೇಶದಿಂದ ಹಣ ಹಿಡಿದಿಟ್ಟರು ಅಂತ ಸಾಬೀತಾದರೆ, ಬರಬೇಕಾದ ಹಣದ ಮೇಲೆ ಡೆಪಾಸಿಟ್‌ನ ಎರಡು ಪಟ್ಟಿನವರೆಗೆ ದಂಡ ಬೀಳಬಹುದು.

ಭಾರತದಲ್ಲಿ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆ, ಅಂಗಡಿ ಕಚೇರಿಗಳಿಗೆ ಆರು ತಿಂಗಳ ಬಾಡಿಗೆ ಅಂತ ಅದರಲ್ಲಿ ಮಿತಿ ಇದೆ. ಮನೆ ಮಾಲೀಕರ ವಶಕ್ಕೆ ಬರುವ ಹೊತ್ತಿಗೇ, ನ್ಯಾಯವಾದ ಕಡಿತ ಕಳೆದು, ಹಣ ವಾಪಸ್ ಕೊಡಬೇಕು ಅಂತಲೂ ಇದೆ. ಆದರೆ ಹೆಸರೇ ಹೇಳುವಂತೆ ಇದು ಮಾದರಿ. ರಾಜ್ಯ ಅದನ್ನು ತನ್ನ ಕಾನೂನಾಗಿ ತಂದರೆ ಮಾತ್ರ ಲಾಗೂ. ಇದನ್ನು ಗಮನಿಸದೆ "ಕೇಂದ್ರದ ಕಾನೂನಿದೆ" ಅಂತ ನೋಟಿಸ್ ಬರೆಯುವವರು ಜಾಸ್ತಿ. ಎದುರಿನ ವಕೀಲರಿಗೆ ಅದನ್ನು ತಳ್ಳಿಹಾಕುವುದು ಎರಡು ನಿಮಿಷದ ಕೆಲಸ.

ಹಂತ 2: ಹಣ ಕೊಡುವ ಮೊದಲು ಕರಾರು ಓದಿ

ಡೆಪಾಸಿಟ್ ಬಗ್ಗೆ ಇರುವ ಸಾಲುಗಳನ್ನಷ್ಟೇ ಎರಡು ಸಲ ಓದಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು. ಯಾವ ದಿನದೊಳಗೆ ವಾಪಸ್ ಅಂತ ಇರಬೇಕು. "ಖಾಲಿ ಮಾಡಿದ ನಂತರ ಹಿಂತಿರುಗಿಸಲಾಗುವುದು" ಅನ್ನುವ ಸಾಲಿನಲ್ಲಿ ದಿನವೇ ಇಲ್ಲ, ಅಲ್ವಾ? ಮುಂದೆ ಜಗಳ ಹುಟ್ಟುವುದೇ ಅಲ್ಲಿ. ಯಾವ ಕಾರಣಕ್ಕೆ ಕಡಿತ ಮಾಡಬಹುದು ಅನ್ನುವುದೂ ಇರಲಿ: ಬಾಕಿ ಬಾಡಿಗೆ, ಬಾಕಿ ಬಿಲ್ಲು, ದಿನನಿತ್ಯದ ಬಳಕೆಯ ಸವಕಳಿ ಬಿಟ್ಟು ಆದ ಹಾನಿ. "ಬಣ್ಣದ ಖರ್ಚಿಗೆ ಇಂತಿಷ್ಟು ಮುರಿದುಕೊಳ್ಳಲಾಗುವುದು" ಅಂತ ಮೊದಲೇ ಬರೆದಿದ್ದರೆ ಸಹಿಗೆ ಮುಂಚೆ ಚರ್ಚೆ ಮಾಡಿ. ಅಂಥ ಷರತ್ತು ಕೆಲವು ಕಡೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆದರೆ ಸಹಿ ಹಾಕಿದ ಮೇಲೆ ಅದನ್ನು ಬೀಳಿಸುವ ಕೆಲಸ ನಿಮ್ಮ ತಲೆಗೆ ಬರುತ್ತದೆ.

ಹಣ ಬ್ಯಾಂಕ್ ಮೂಲಕವೇ ಹೋಗಲಿ. ವಿವರದ ಜಾಗದಲ್ಲಿ "ಮನೆ ಡೆಪಾಸಿಟ್" ಅಂತ ಬರೆಯಿರಿ. ನಗದೇ ಬೇಕು ಅಂದರೆ ಸಹಿ ಇರುವ ರಸೀದಿ ತೆಗೆದುಕೊಳ್ಳಿ. ಕರಾರಿನಲ್ಲಿ ಒಬ್ಬರ ಹೆಸರು, ಹಣ ಹೋದದ್ದು ಅವರ ಮಗನ ಖಾತೆಗೋ ಬ್ರೋಕರ್ ಖಾತೆಗೋ ಆಗಿದ್ದರೆ, "ಇದು ನನ್ನ ಪರವಾಗಿ ಪಡೆದ ಹಣ" ಅಂತ ಮಾಲೀಕರಿಂದ ಒಂದು ಮೆಸೇಜ್ ಆದರೂ ತೆಗೆದಿಟ್ಟುಕೊಳ್ಳಿ. ಕೊನೆಗೆ "ನನಗೆ ಬಂದೇ ಇಲ್ಲ" ಅನ್ನುವ ಮಾತು ಬರುವುದು ಇಂಥ ಕಡೆಯೇ.

ಭಾರತದಲ್ಲಿ ಇನ್ನೊಂದು ವಿಷಯ. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು. ಛಾಪಾ ಶುಲ್ಕವೂ ಸರಿಯಾಗಿ ಕಟ್ಟಿರಬೇಕು. ಇಲ್ಲದಿದ್ದರೆ ಕೋರ್ಟಿನಲ್ಲಿ ಆ ಕರಾರನ್ನು ಪುರಾವೆಯಾಗಿ ಬಳಸಲು ತೊಡಕಾಗುತ್ತದೆ. ಛಾಪಾ ಶುಲ್ಕ ಉಳಿಸಿ ಸಿಗುವ ಲಾಭ ಈ ತೊಡಕಿನ ಮುಂದೆ ಏನೂ ಅಲ್ಲ.

ಹಂತ 3: ಸಾಮಾನು ಇಳಿಸುವ ಮೊದಲು ಮನೆಯ ಸ್ಥಿತಿ ದಾಖಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸುತ್ತೀರಿ ಅಂದರೆ ಇದನ್ನೇ ಪಾಲಿಸಿ.

ಖಾಲಿ ಮನೆಯಲ್ಲಿ, ಹಗಲು ಬೆಳಕಿನಲ್ಲಿ, ಬಾಗಿಲಿನಿಂದ ಶುರು ಮಾಡಿ ಎಲ್ಲೂ ನಿಲ್ಲಿಸದೆ ಒಂದು ವಿಡಿಯೋ ಮಾಡಿ. ಆಮೇಲೆ ಪ್ರತಿ ಕೋಣೆಗೆ ಫೋಟೋ: ನಾಲ್ಕು ಗೋಡೆ, ನೆಲ, ಸೀಲಿಂಗ್. ಹಾನಿ ಕಂಡರೆ ಎರಡು ಫೋಟೋ ಬೇಕು. ಒಂದು ದೂರದಿಂದ, ಯಾವ ಕೋಣೆ ಅಂತ ಗೊತ್ತಾಗುವ ಹಾಗೆ. ಇನ್ನೊಂದು ಹತ್ತಿರದಿಂದ. ಬರೀ ಬಿರುಕಿನ ಫೋಟೋ ನೋಡಿದರೆ ಅದು ಯಾವ ಮನೆಯದು ಅಂತ ಯಾರಿಗೂ ಹೇಳಲು ಬರುವುದಿಲ್ಲ. ಜನ ಮರೆಯುವ ಜಾಗಗಳು: ಸಿಂಕ್ ಕೆಳಗೆ, ಬೀರುವಿನ ಒಳಗೆ, ಬಾಗಿಲಿನ ಹಿಂಬದಿ, ಬಾತ್‌ರೂಮಿನ ಟೈಲ್ಸ್ ಸಂದು, ಕಿಟಕಿ ಚಿಲಕ. ನಲ್ಲಿ ತಿರುಗಿಸಿ, ಸ್ವಿಚ್ ಹಾಕಿ, ಗೀಸರ್ ಆನ್ ಮಾಡಿ ನೋಡಿ. ಮೀಟರಿನ ಅಂಕಿಯ ಫೋಟೋ ಇರಲಿ.

ಫೋಟೋ ನಿಮ್ಮ ಫೋನಿನಲ್ಲೇ ಇದ್ದರೆ ಅರ್ಧ ಕೆಲಸ ಆದಂತೆ. ಅದೇ ದಿನ ಮಾಲೀಕರಿಗೆ ಇಮೇಲ್ ಮಾಡಿ. "ಮನೆಗೆ ಬಂದ ದಿನದ ಸ್ಥಿತಿ ಹೀಗಿದೆ. ಹಾಲಿನ ಎಡಗೋಡೆಯಲ್ಲಿ ತೇವದ ಕಲೆ, ಅಡುಗೆ ಮನೆಯ ಎರಡು ಟೈಲ್ಸ್ ಬಿರುಕು. ಏನಾದರೂ ತಪ್ಪಿದ್ದರೆ ತಿಳಿಸಿ" ಅಂತ ನಾಲ್ಕು ಸಾಲು ಸಾಕು. ಅವರು ಉತ್ತರ ಕೊಡದಿದ್ದರೂ ಪರವಾಗಿಲ್ಲ. ಆ ದಿನವೇ ಹೇಳಿದ್ದೀರಿ, ಅವರು ಇಲ್ಲ ಅನ್ನಲಿಲ್ಲ. ಇದಕ್ಕೆ ಮುಂದೆ ತೂಕ ಇರುತ್ತದೆ. ಮಾಲೀಕರೇ ವಸ್ತುಗಳ ಪಟ್ಟಿ ಕೊಟ್ಟರೆ ಸುಮ್ನೆ ಸಹಿ ಹಾಕಬೇಡಿ. "ಎಲ್ಲವೂ ಸುಸ್ಥಿತಿಯಲ್ಲಿದೆ" ಅಂತ ಅದರಲ್ಲಿದ್ದರೆ, ಸುಸ್ಥಿತಿಯಲ್ಲಿ ಇಲ್ಲದ್ದನ್ನು ಕೈಯಲ್ಲಿ ಬರೆದು ಆಮೇಲೆ ಸಹಿ ಮಾಡಿ.

ಮಾಲೀಕರಾಗಿ ಇದನ್ನು ಓದುತ್ತಿದ್ದರೆ ನಿಮಗೂ ಇದೇ ಮಾತು. ಬಾಡಿಗೆದಾರರು ಬರುವ ಮುಂಚಿನ ಸ್ಥಿತಿಯ ದಾಖಲೆ ಇಲ್ಲದೆ "ಇದು ಅವರೇ ಮಾಡಿದ್ದು" ಅಂತ ಸಾಬೀತು ಮಾಡುವುದು ಬಹಳ ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಮಾಲೀಕರೇ ಫೋಟೋ ತೆಗೆದಿಡಬೇಕು ಅಂತ ಕಾನೂನು ಬಂದಿದೆ.

ಹಂತ 4: ವಾಸ ಇರುವಾಗ

ಸೋರಿಕೆ, ತೇವ, ಕೆಟ್ಟ ಗೀಸರ್ ಯಾವುದೇ ಇರಲಿ, ಫೋನಿನಲ್ಲಿ ಹೇಳಿದ ಮೇಲೆ ಒಂದು ಮೆಸೇಜನ್ನೂ ಹಾಕಿ. ಹೇಳದೆ ಬಿಟ್ಟ ಸಣ್ಣ ಸೋರಿಕೆ ದೊಡ್ಡ ಹಾನಿಯಾದರೆ ತಪ್ಪು ನಿಮ್ಮ ಮೇಲೂ ಬರಬಹುದು. ಬಾಡಿಗೆ ಕಟ್ಟಿದ ದಾಖಲೆ ಉಳಿಸಿಕೊಳ್ಳಿ. ಮೊಳೆ ಹೊಡೆಯಲು, ಬಣ್ಣ ಬದಲಿಸಲು ಒಪ್ಪಿಗೆ ಕೊಟ್ಟಿದ್ದರೆ ಅದೂ ಬರಹದಲ್ಲಿ ಇರಲಿ.

ಹಂತ 5: ಮನೆ ಬಿಡುವಾಗ

ಕರಾರಿನಲ್ಲಿ ಇರುವಷ್ಟು ದಿನ ಮುಂಚೆ ನೋಟಿಸ್ ಕೊಡಿ, ಬರಹದಲ್ಲೇ. ನೋಟಿಸ್ ಕಡಿಮೆ ಬಿದ್ದರೆ ಆ ದಿನಗಳ ಬಾಡಿಗೆ ಕಡಿತಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

"ಕೊನೆಯ ತಿಂಗಳ ಬಾಡಿಗೆ ಕಟ್ಟಲ್ಲ, ಡೆಪಾಸಿಟ್‌ನಲ್ಲೇ ಮುರಿದುಕೊಳ್ಳಿ" ಅನ್ನುವ ಉಪಾಯದ ಬಗ್ಗೆ ಒಂದು ಮಾತು. ಆಸೆ ಹುಟ್ಟಿಸುವ ದಾರಿ ಇದು, ಅರ್ಥವಾಗುತ್ತದೆ. ಮಾಲೀಕರು ಒಪ್ಪಿ ಬರೆದು ಕೊಟ್ಟರೆ ಧಾರಾಳವಾಗಿ ಮಾಡಿ. ಒಪ್ಪದಿದ್ದರೆ ಮಾಡಬೇಡಿ. ಬಾಡಿಗೆ ಬಾಕಿ ಅನ್ನುವುದು ಮಾಲೀಕರಿಗೆ ಸುಲಭವಾಗಿ ಸಾಬೀತು ಮಾಡಲು ಬರುವ ವಿಷಯ. ಅಲ್ಲಿಯವರೆಗೆ ಸರಿ ಇದ್ದ ನಿಮ್ಮ ಕೇಸಿನಲ್ಲಿ ನೀವೇ ಒಂದು ತೂತು ಮಾಡಿಕೊಂಡ ಹಾಗೆ ಆಗುತ್ತದೆ.

ಸಾಮಾನೆಲ್ಲ ಹೋದ ಮೇಲೆ, ಕೀ ಕೊಡುವ ಮುಂಚೆ, ಮಾಲೀಕರ ಜೊತೆ ಮನೆ ಸುತ್ತಿ ನೋಡಿ. ಬಂದ ದಿನ ತೆಗೆದ ಜಾಗಗಳಲ್ಲೇ ಮತ್ತೆ ಫೋಟೋ ತೆಗೆಯಿರಿ. ಕ್ಯಾಲಿಫೋರ್ನಿಯಾದಂಥ ಕಡೆ, ಮನೆ ಬಿಡುವ ಮುಂಚೆಯೇ ಬಂದು ನೋಡಿ ಏನು ಸರಿಪಡಿಸಬೇಕು ಅಂತ ಪಟ್ಟಿ ಕೊಡಿ ಎಂದು ಕೇಳುವ ಹಕ್ಕು ಬಾಡಿಗೆದಾರರಿಗೆ ಇದೆ. ಹಕ್ಕು ಇಲ್ಲದ ಕಡೆಯೂ ಕೇಳಿ. ಮೊಳೆಯ ತೂತು ನೀವೇ ಮುಚ್ಚಿದರೆ ಆಗುವ ಖರ್ಚಿಗೂ ಮಾಲೀಕರು ಜನ ಕರೆಸಿದರೆ ಬರುವ ಬಿಲ್ಲಿಗೂ ಬಹಳ ಅಂತರ ಇರುತ್ತದೆ.

ಕೀ ಕೊಟ್ಟದ್ದಕ್ಕೆ ಸಹಿ ಅಥವಾ ಮೆಸೇಜ್ ತೆಗೆದುಕೊಳ್ಳಿ, ದಿನಾಂಕದ ಜೊತೆ. ಎಷ್ಟೋ ಕಡೆ ಗಡುವು ಎಣಿಸುವುದು ಅಲ್ಲಿಂದಲೇ. ಹೊಸ ವಿಳಾಸ, ಬ್ಯಾಂಕ್ ಖಾತೆ ವಿವರವನ್ನೂ ಬರೆದು ಕೊಡಿ. ಟೆಕ್ಸಸ್‌ನಲ್ಲಿ ಹೊಸ ವಿಳಾಸ ಲಿಖಿತವಾಗಿ ಕೊಡುವವರೆಗೆ ಡೆಪಾಸಿಟ್ ಕೊಡುವ ಬಾಧ್ಯತೆಯೇ ಮಾಲೀಕರಿಗೆ ಇಲ್ಲ.

ಹಂತ 6: ಕಡಿತದ ಪಟ್ಟಿ ಬಂದಾಗ

ಜಗಳದ ಹೊಟ್ಟೆ ಇರುವುದು ಇಲ್ಲೇ. ಬಾಯಿ ಮಾತಿನ ಲೆಕ್ಕ ಒಪ್ಪಬೇಡಿ. "ಯಾವುದಕ್ಕೆ ಎಷ್ಟು, ಬಿಲ್ಲಿನ ಜೊತೆ ಬರೆದು ಕೊಡಿ" ಅನ್ನಿ. ಪಟ್ಟಿ ಬಂದ ಮೇಲೆ ಪ್ರತಿ ಸಾಲಿಗೂ ಮೂರು ಪ್ರಶ್ನೆ ಹಾಕಿ.

ಮೊದಲನೆಯದು: ಇದು ಸವಕಳಿಯೋ, ಹಾನಿಯೋ? ಮನೆಯಲ್ಲಿ ಜನ ವಾಸ ಮಾಡಿದರೆ ಸವೆಯುತ್ತದೆ. ಬಿಸಿಲಿಗೆ ಬಣ್ಣ ಮಾಸುವುದು, ಓಡಾಡುವ ಜಾಗದಲ್ಲಿ ನೆಲದ ಹೊಳಪು ಹೋಗುವುದು, ಕಪಾಟು ಇದ್ದ ಕಡೆ ಗುರುತು ಉಳಿಯುವುದು, ಹಳೆ ನಲ್ಲಿಯ ವಾಷರ್ ಹೋಗುವುದು, ಇದೆಲ್ಲ ಸವಕಳಿ. ಇದರ ಖರ್ಚು ಮಾಲೀಕರದು. ಅವರು ತೆಗೆದುಕೊಂಡ ಬಾಡಿಗೆಯಲ್ಲಿ ಅದೂ ಸೇರಿದೆ. ಒಡೆದ ವಾಶ್‌ಬೇಸಿನ್, ಸುಟ್ಟ ಕೌಂಟರ್, ಗೋಡೆಯ ಮೇಲೆ ಮಗು ಬರೆದ ಚಿತ್ರ, ಕಿತ್ತುಹೋದ ಬಾಗಿಲು, ಇದು ಹಾನಿ. ಇಲ್ಲಿ ವಾದ ಮಾಡಿ ಸಮಯ ಹಾಳು ಮಾಡಬೇಡಿ, ಒಪ್ಪಿಕೊಳ್ಳಿ. ಒಪ್ಪಬೇಕಾದ್ದನ್ನು ಒಪ್ಪಿದವರ ಉಳಿದ ಮಾತನ್ನು ನ್ಯಾಯಾಧೀಶರೂ ನಂಬುತ್ತಾರೆ.

ಎರಡನೆಯದು: ಆ ವಸ್ತುವಿಗೆ ವಯಸ್ಸೆಷ್ಟು? ಹಾನಿ ಆಯಿತು ಅಂದ ಮಾತ್ರಕ್ಕೆ ಹೊಸದರ ಪೂರ್ತಿ ಬೆಲೆ ಕೊಡಬೇಕಾಗಿಲ್ಲ. ಹತ್ತು ವರ್ಷ ಬಾಳುವ ಕಾರ್ಪೆಟ್ಟಿಗೆ ಆರು ವರ್ಷ ಆಗಿದ್ದರೆ ಅದರಲ್ಲಿ ಉಳಿದದ್ದು ನಾಲ್ಕು ವರ್ಷದ ಬೆಲೆ, ಅಂದರೆ ಶೇ. 40. ನೀವು ಅದನ್ನು ಹಾಳು ಮಾಡಿದ್ದರೂ ನ್ಯಾಯವಾದ ಲೆಕ್ಕ ಅಷ್ಟೇ. ಬಣ್ಣಕ್ಕೂ ಹೀಗೇ. ಐದು ವರ್ಷ ಬಣ್ಣ ಕಾಣದ ಗೋಡೆಗೆ ಹೊಸ ಬಣ್ಣ ಹೊಡೆಸಿ ಪೂರ್ತಿ ಬಿಲ್ಲು ನಿಮಗೆ ಕಳಿಸಿದರೆ, ಮಾಲೀಕರು ನಿಮ್ಮ ಹಣದಲ್ಲಿ ತಮ್ಮ ಮನೆಯನ್ನು ಮೊದಲಿಗಿಂತ ಚೆನ್ನಾಗಿ ಮಾಡಿಕೊಂಡಂತೆ. ಇಂಗ್ಲೆಂಡಿನ ಡೆಪಾಸಿಟ್ ಯೋಜನೆಗಳ ತೀರ್ಪುಗಾರರು ಇದನ್ನು ಒಪ್ಪುವುದಿಲ್ಲ. ಅಲ್ಲಿ ಒಂದು ಬಾಗಿಲು ಹಾಳಾದರೆ ಎಲ್ಲ ಬಾಗಿಲಿನ ಖರ್ಚು ಕೇಳುವುದೂ ನಡೆಯುವುದಿಲ್ಲ.

ಮೂರನೆಯದು: ಖರ್ಚಿನ ಪುರಾವೆ ಏನು? ಬಿಳಿ ಹಾಳೆಯ ಮೇಲೆ ಬರೆದ ಮೊತ್ತ ಬಿಲ್ಲಲ್ಲ. ಯಾರು ಕೆಲಸ ಮಾಡಿದರು, ಯಾವ ದಿನ, ಎಷ್ಟು ಸಾಮಗ್ರಿ ಅಂತ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಡಿತ 125 ಡಾಲರ್ ಮೀರಿದರೆ ರಸೀದಿ ಕೊಡಲೇಬೇಕು. ಕೆಲಸವೇ ಆಗಿಲ್ಲ, ಬರೀ ಅಂದಾಜು ಪಟ್ಟಿ ಇದೆ ಅಂದರೆ ಅದನ್ನೂ ಪ್ರಶ್ನೆ ಮಾಡಿ.

ಸ್ವಚ್ಛತೆಯ ಖರ್ಚು ಬೇರೆ ವಿಷಯ. ಇಲ್ಲಿ ಮಾಲೀಕರ ಕಡೆ ಎಷ್ಟೋ ಸಲ ನ್ಯಾಯ ಇರುತ್ತದೆ, ಅದನ್ನೂ ಹೇಳಬೇಕು. ಬಂದಾಗ ಎಷ್ಟು ಸ್ವಚ್ಛ ಇತ್ತೋ ಬಿಡುವಾಗಲೂ ಅಷ್ಟು ಇರಬೇಕು. ಜಿಡ್ಡು ಹಿಡಿದ ಒಲೆ, ಪಾಚಿ ಕಟ್ಟಿದ ಬಾತ್‌ರೂಮ್ ಸವಕಳಿ ಅಲ್ಲ.

ಹಂತ 7: ಬೇಡಿಕೆ ಪತ್ರ

ಗಡುವು ಮುಗಿಯಿತು, ಹಣ ಬರಲಿಲ್ಲ. ಹತ್ತಾರು ಫೋನ್ ಮಾಡುವ ಬದಲು ಒಂದು ಪತ್ರ ಬರೆಯಿರಿ. ಸಿಟ್ಟು ಬೇಡ. ಈ ಪತ್ರವನ್ನು ಮುಂದೆ ನ್ಯಾಯಾಧೀಶರು ಓದುತ್ತಾರೆ ಅಂದುಕೊಂಡೇ ಬರೆಯಿರಿ. ಒಂದು ಮಾದರಿ:

"ಇಂಥ ವಿಳಾಸದ ಮನೆಯಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಬಾಡಿಗೆಗೆ ಇದ್ದೆ. ಇಂಥ ದಿನ ಬ್ಯಾಂಕ್ ಮೂಲಕ ಡೆಪಾಸಿಟ್ ಇಷ್ಟು ಕೊಟ್ಟಿದ್ದೇನೆ. ಇಂಥ ದಿನ ಮನೆ ಖಾಲಿ ಮಾಡಿ ಕೀ ಒಪ್ಪಿಸಿದ್ದೇನೆ. ಬಾಡಿಗೆಯಾಗಲಿ ಬಿಲ್ಲಾಗಲಿ ಬಾಕಿ ಇಲ್ಲ. ನೀವು ಹೇಳಿದ ಕಡಿತಗಳಲ್ಲಿ ಒಡೆದ ವಾಶ್‌ಬೇಸಿನ್ ಖರ್ಚನ್ನು ಒಪ್ಪುತ್ತೇನೆ. ಬಣ್ಣದ ಖರ್ಚನ್ನು ಒಪ್ಪುವುದಿಲ್ಲ, ಅದು ಸಾಮಾನ್ಯ ಸವಕಳಿ. ಬಂದ ದಿನದ ಮತ್ತು ಬಿಟ್ಟ ದಿನದ ಫೋಟೋ ಲಗತ್ತಿಸಿದ್ದೇನೆ. ಉಳಿದ ಇಷ್ಟು ಹಣವನ್ನು ಈ ಪತ್ರ ತಲುಪಿದ 14 ದಿನದೊಳಗೆ ಕೆಳಗಿನ ಖಾತೆಗೆ ಹಾಕಿ. ಇಲ್ಲದಿದ್ದರೆ ಕಾನೂನು ಕ್ರಮ ಕೈಗೊಳ್ಳುತ್ತೇನೆ."

ನೋಂದಾಯಿತ ಅಂಚೆಯಲ್ಲಿ ಕಳಿಸಿ, ಇಮೇಲ್ ಕೂಡ ಮಾಡಿ. ತಲುಪಿದ ದಾಖಲೆ ಇಟ್ಟುಕೊಳ್ಳಿ. ಸ್ಥಳೀಯ ಕಾನೂನಿನಲ್ಲಿ ಗಡುವು, ದಂಡ ಇದ್ದರೆ ಆ ಕಲಂ ಸಂಖ್ಯೆ ಸೇರಿಸಿ. ಬೆದರಿಕೆ, ಬೈಗುಳ, "ಎಲ್ಲರಿಗೂ ಹೇಳಿ ನಿಮ್ಮ ಮಾನ ತೆಗೆಯುತ್ತೇನೆ" ಇವೆಲ್ಲ ನಿಮಗೇ ತಿರುಗುತ್ತವೆ.

ಈ ಹೊತ್ತಿನಲ್ಲಿ ಮಾಲೀಕರು ಸ್ವಲ್ಪ ಹಣ ಕೊಟ್ಟು ಕಾಗದಕ್ಕೆ ಸಹಿ ಕೇಳಬಹುದು. "ಪೂರ್ತಿ ಲೆಕ್ಕ ಚುಕ್ತಾ" ಅಂತ ಅದರಲ್ಲಿದ್ದರೆ ಉಳಿದದ್ದನ್ನು ಬಿಟ್ಟುಕೊಟ್ಟ ಹಾಗೆ. ಪೂರ್ತಿ ಬಾರದಿದ್ದರೆ "ಇಷ್ಟು ಬಂದಿದೆ, ಇಷ್ಟು ಬಾಕಿ" ಅಂತ ಬರೆದೇ ಸಹಿ ಹಾಕಿ.

ಹಂತ 8: ಕೋರ್ಟಿಗೆ ಮುಂಚಿನ ಬಾಗಿಲುಗಳು

ಇಂಗ್ಲೆಂಡಿನಲ್ಲಿ ರಕ್ಷಣಾ ಯೋಜನೆಯೇ ಉಚಿತವಾಗಿ ತೀರ್ಪು ಕೊಡುತ್ತದೆ, ಎರಡೂ ಕಡೆಯ ಕಾಗದ ನೋಡಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಮಾಲೀಕರು ಡೆಪಾಸಿಟ್ ಮೇಲೆ ಹಕ್ಕು ಹೇಳಿದರೆ, ನೋಟಿಸ್ ಬಂದ 14 ದಿನದೊಳಗೆ ನೀವು ನ್ಯಾಯಮಂಡಳಿಗೆ ಹೋಗಬೇಕು. ಸುಮ್ಮನಿದ್ದರೆ ಹಣ ಅವರಿಗೆ ಹೋಗುತ್ತದೆ. ಭಾರತದಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಅಡಿ ಕೇಸು ಹಾಕುವ ಮುಂಚೆಯೇ ಲೋಕ ಅದಾಲತ್ ಮುಂದೆ ರಾಜಿಗೆ ಅರ್ಜಿ ಕೊಡಬಹುದು. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲೂ ಇಲ್ಲ. ಇದೇ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಪೊಲೀಸ್ ಠಾಣೆಗೆ ಓಡುವವರೂ ಇದ್ದಾರೆ. ಡೆಪಾಸಿಟ್ ವಾಪಸ್ ಕೊಡದಿರುವುದು ಸಾಮಾನ್ಯವಾಗಿ ಸಿವಿಲ್ ವಿಷಯ. ಮೋಸ ಮಾಡುವ ಉದ್ದೇಶದಿಂದಲೇ, ತಮ್ಮದಲ್ಲದ ಮನೆ ತೋರಿಸಿ ಹಣ ಪಡೆದಂಥ ಪ್ರಕರಣ ಬೇರೆ.

ಹಂತ 9: ಕೋರ್ಟ್ ಅಥವಾ ನ್ಯಾಯಮಂಡಳಿ

ಮೊದಲು ಅವಧಿ ನೋಡಿ. ಭಾರತದಲ್ಲಿ ಹಣ ವಸೂಲಿ ದಾವೆಗೆ 1963ರ ಕಾಲಮಿತಿ ಕಾಯ್ದೆಯಂತೆ ಸಾಮಾನ್ಯವಾಗಿ ಮೂರು ವರ್ಷ. ಇಂಗ್ಲೆಂಡಿನಲ್ಲಿ ಕರಾರಿನ ದಾವೆಗೆ ಆರು ವರ್ಷ. "ಕೊಡ್ತೀನಿ, ಕೊಡ್ತೀನಿ" ಅನ್ನುವ ಬಾಯಿ ಮಾತು ಕೇಳುತ್ತಾ ಕೂತರೆ ಈ ಗಡಿಯಾರ ನಿಲ್ಲುವುದಿಲ್ಲ.

ಯಾರ ಮೇಲೆ ದಾವೆ? ಕರಾರಿನಲ್ಲಿರುವ ಮಾಲೀಕರ ಮೇಲೆ. ಮಧ್ಯದಲ್ಲಿ ಮನೆ ಮಾರಾಟ ಆಗಿದ್ದರೆ ಗೊಂದಲ ಆಗುತ್ತದೆ. ಜರ್ಮನಿಯಲ್ಲಿ ಮನೆ ಕೊಂಡವರೇ ಡೆಪಾಸಿಟ್ ಹೊಣೆ ಹೊರುತ್ತಾರೆ. ನಿಯಮ ಸ್ಪಷ್ಟ ಇಲ್ಲದ ಕಡೆ ಹಳಬರು, ಹೊಸಬರು ಇಬ್ಬರನ್ನೂ ಪಕ್ಷಗಾರರಾಗಿ ಸೇರಿಸುವುದು ಜಾಣತನ. ಮನೆಯಲ್ಲಿ ಇಬ್ಬರು ಮೂವರು ಸೇರಿ ಇದ್ದು ಡೆಪಾಸಿಟ್ ಒಟ್ಟಿಗೆ ಕೊಟ್ಟಿದ್ದರೆ, ಅರ್ಜಿಯಲ್ಲೂ ಎಲ್ಲರ ಹೆಸರು ಇರಲಿ.

ಸಣ್ಣ ಮೊತ್ತಕ್ಕೆ ಕೆಲವು ದೇಶಗಳಲ್ಲಿ ಸರಳ ದಾರಿ ಇದೆ. ಇಂಗ್ಲೆಂಡಿನಲ್ಲಿ 10,000 ಪೌಂಡ್‌ವರೆಗೆ, ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿಗೆ 12,500 ಡಾಲರ್‌ವರೆಗೆ ಸಣ್ಣ ದಾವೆಯಾಗಿ ಹಾಕಬಹುದು. ಕ್ಯಾಲಿಫೋರ್ನಿಯಾದ ಆ ವಿಚಾರಣೆಯಲ್ಲಿ ವಕೀಲರು ನಿಮ್ಮ ಪರ ನಿಂತು ವಾದಿಸುವಂತೆಯೇ ಇಲ್ಲ. ಅಂಥ ದಾರಿ ಇಲ್ಲದ ಕಡೆ ಖರ್ಚಿನ ಲೆಕ್ಕ ಮೊದಲು ಹಾಕಿ. ಬರಬೇಕಾದ ಹಣಕ್ಕಿಂತ ವಕೀಲರ ಫೀಸೇ ಜಾಸ್ತಿ ಆಗುವ ಹಾಗಿದ್ದರೆ ರಾಜಿಯಲ್ಲಿ ಸ್ವಲ್ಪ ಬಿಟ್ಟುಕೊಡುವುದರಲ್ಲಿ ಅವಮಾನ ಏನಿಲ್ಲ.

ಕೇಸಿಗೆ ಒಂದು ಪುಟದ ದಿನಾಂಕ ಪಟ್ಟಿ ಮಾಡಿ: ಕರಾರು, ಹಣ ಕೊಟ್ಟದ್ದು, ಬಂದ ದಿನ, ನೋಟಿಸ್, ಕೀ, ಪತ್ರ. ಪ್ರತಿ ಸಾಲಿಗೂ ಒಂದು ದಾಖಲೆಯ ಸಂಖ್ಯೆ. ಫೋಟೋಗಳನ್ನು ಜೋಡಿಯಾಗಿ ಇಡಿ, ಬಂದ ದಿನದ್ದು ಎಡಕ್ಕೆ, ಬಿಟ್ಟ ದಿನದ್ದು ಬಲಕ್ಕೆ. ಮೆಸೇಜುಗಳಲ್ಲಿ ನಿಮಗೆ ಬೇಕಾದ ಒಂದೇ ಸಾಲು ಕತ್ತರಿಸಿ ಕೊಡಬೇಡಿ. ಹಿಂದೆ ಮುಂದೆ ಇರುವುದೂ ಕಾಣಲಿ. ಭಾರತದಲ್ಲಿ ಇಂಥ ಎಲೆಕ್ಟ್ರಾನಿಕ್ ದಾಖಲೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ದಾಖಲೆ ಯಾವ ಸಾಧನದಿಂದ, ಹೇಗೆ ಬಂತು ಅಂತ ಹೇಳುವ ಕಾಗದ) ಜೊತೆಗಿರಬೇಕು. 2024ರ ಜುಲೈ 1ರಿಂದ ಇದು ಹಳೆ ಕಾಯ್ದೆಯ 65ಬಿ ಜಾಗಕ್ಕೆ ಬಂದಿದೆ. ಹಳೆ ಫೋನ್ ಮಾರಬೇಡಿ, ಮೂಲ ಫೈಲ್ ಅದರಲ್ಲೇ ಇರಲಿ.

ನೀವು ದಾವೆ ಹಾಕಿದರೆ ಮಾಲೀಕರು ಪ್ರತಿದಾವೆ ಹಾಕಬಹುದು, ಹಾನಿ ಡೆಪಾಸಿಟ್‌ಗಿಂತ ಜಾಸ್ತಿ ಆಗಿದೆ ಅಂತ. ಹೆದರಬೇಡಿ, ಆದರೆ ತಯಾರಿರಿ. ಜರ್ಮನಿಯಲ್ಲಿ ಮನೆ ವಾಪಸ್ ಸಿಕ್ಕ ಆರು ತಿಂಗಳಲ್ಲಿ ಮಾಲೀಕರ ಹಾನಿ ಹಕ್ಕಿನ ಅವಧಿ ಮುಗಿಯುತ್ತದೆ. ಬೇರೆ ಕಡೆ ಈ ಅವಧಿ ಬೇರೆ ಇರಬಹುದು.

ಹಂತ 10: ಆದೇಶ ಬಂದ ಮೇಲೆ

ಗೆದ್ದ ದಿನವೇ ಹಣ ಕೈಗೆ ಬರುವುದಿಲ್ಲ. ಆದೇಶದ ಪ್ರಮಾಣಿತ ಪ್ರತಿ ತೆಗೆದುಕೊಂಡು, ಗಡುವು ಹಾಕಿ ಮಾಲೀಕರಿಗೆ ಕಳಿಸಿ. ಅವರು ಅಪೀಲು ಹೋಗಿದ್ದರೆ ತಡೆಯಾಜ್ಞೆ ಸಿಕ್ಕಿದೆಯೇ ಅಂತ ವಿಚಾರಿಸಿ. ಬರೀ ಅಪೀಲು ಹಾಕಿದ್ದರಿಂದ ಎಲ್ಲ ಕಡೆ ವಸೂಲಿ ನಿಲ್ಲುವುದಿಲ್ಲ. ಹಣ ಬರದಿದ್ದರೆ ಜಾರಿ ಅರ್ಜಿ ಬೇರೆಯಾಗಿ ಹಾಕಬೇಕು. ಬ್ಯಾಂಕ್ ಖಾತೆ ಜಪ್ತಿಗೂ ಆಸ್ತಿ ಜಪ್ತಿಗೂ ಕೋರ್ಟಿಗೆ ವಿವರ ಕೊಡಬೇಕಾದವರು ನೀವೇ. ನೀವು ತಿಂಗಳು ತಿಂಗಳು ಬಾಡಿಗೆ ಹಾಕುತ್ತಿದ್ದ ಖಾತೆಯ ಸಂಖ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಮನೆಗೆ ಈಗ ಬೇರೆ ಬಾಡಿಗೆದಾರರು ಬಂದಿದ್ದರೆ, ಅವರು ಕಟ್ಟುವ ಬಾಡಿಗೆಯನ್ನೇ ವಸೂಲಿಗೆ ಜಪ್ತಿ ಮಾಡಲು ಆಗುತ್ತದೆಯೇ ಅಂತ ವಕೀಲರನ್ನು ಕೇಳಿ ನೋಡಿ.